ಹಗೇವಿನ ಬಾಯಿಗೆ ಮೆತ್ತಿದ ಮಣ್ಣು

ಪುಟ್ಟತಾಯಕ್ಕ, ಹಗೇವಿನ ಬಾಯನ್ನು ಅವಧಿಗೆ ಮೊದಲೇ ತೆರೆದವನು ನಾನು. ರಾಗಿ ಕೆಟ್ಟದ್ದು ನಿಮ್ಮ ತಪ್ಪೆಂದು ನೀವು ಎಲ್ಲರೆದುರು ಒಪ್ಪಿಕೊಂಡಿರಿ; ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ಅದಾಗಿ ಮೂರು ವರ್ಷ.

ಓದುವವರಿಗೆ ತಿಳಿಯಲೆಂದು ಮೊದಲಿನಿಂದ ಬರೆಯುತ್ತೇನೆ. ನಾಗಮಂಗಲದ ಕಡೆಯ ಒಂದು ಬಯಲು ಮ್ಯೂಸಿಯಂನಲ್ಲಿ ದಾಖಲೆ ಬರೆಯುವುದು ನನ್ನ ಕೆಲಸ. ಹಿಂದಿನವರು ಮಾಡುತ್ತಿದ್ದುದನ್ನು ಹಾಗೆಯೇ ಮಾಡಿ ನೋಡಿ ತಿಳಿಯುವುದು ಅಲ್ಲಿನ ಕ್ರಮ. ಆ ವರ್ಷ ಹಗೇವು — ನೆಲದೊಳಗೆ ಗುಡಾಣದಂತೆ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚುವ ಕಣಜ. ಮುಂದೆ ನಿಂತು ತೋಡಿಸಿದವರು ನೀವು. ಒಳಗೆ ಹುಲ್ಲು ಹಾಸಿ, ನಿಮ್ಮ ಮನೆಯ ರಾಗಿಯನ್ನೇ ಸುರಿದು, ಚಪ್ಪಡಿಯ ಸುತ್ತ ಮಳೆಗೆ ಕರಗದ ಹುತ್ತದ ಮಣ್ಣು ಮೆತ್ತಿ ನನ್ನ ಕಡೆ ತಿರುಗಿದಿರಿ:

“ಲೇ ಮಗ, ಎರಡು ಮಳೆಗಾಲ ಯಾವನೂ ಮುಟ್ಬಾರ್ದು ಕಣ್ಲಾ. ನಿನ್ ಮೀಟ್ರು ಗೀಟ್ರು ಜೇಬಲ್ಲೇ ಇರ್ಲಿ.”

ನಿಮಗೆ ಅದು ಬರೀ ಪ್ರಯೋಗವಾಗಿರಲಿಲ್ಲ. ನಿಮ್ಮೂರಿನ ಐದು ಹಳೆಯ ಹಗೇವುಗಳನ್ನು ಮುಚ್ಚಿ ಅಲ್ಲಿ ಹಾಲಿನ ಡೇರಿ ಕಟ್ಟಲು ಊರವರು ಹೊರಟಿದ್ದರು. ‘ಮ್ಯೂಸಿಯಂನ ರಾಗಿ ಕೆಡದೆ ಉಳಿದರೆ ಅವನ್ನು ಉಳಿಸಬೇಕು, ಕೆಟ್ಟರೆ ನಾನು ಅಡ್ಡ ಬರುವುದಿಲ್ಲ’ ಎಂದು ನೀವು ಊರವರಿಗೆ ಮಾತು ಕೊಟ್ಟಿದ್ದಿರಿ. ಅದು ನನಗೆ ಗೊತ್ತಿತ್ತು.

ಮೊದಲ ಮಳೆಗಾಲದ ನಡುವೆ, ಒಂದು ಸೋಮವಾರ. ಮಳೆ, ಬಿಸಿಲು, ನೆಲದ ತೇವ — ನನ್ನ ಬಳಿ ಎಲ್ಲಕ್ಕೂ ಅಂಕಿ ಇತ್ತು. ಒಳಗಿನ ರಾಗಿಯ ತೇವಕ್ಕೆ ಮಾತ್ರ ಇರಲಿಲ್ಲ. ದಾಖಲೆಯ ಆ ಖಾಲಿ ಜಾಗ ನನ್ನನ್ನು — ಇಲ್ಲ, ಅದು ನೆಪ. ಎಲ್ಲರೂ ಊಟಕ್ಕೆ ಹೋದಾಗ ಹಾರೆಯಿಂದ ಚಪ್ಪಡಿ ಮೀಟಿದೆ, ಒಂದು ಹಿಡಿ ರಾಗಿ ತೆಗೆದೆ, ಮುಚ್ಚಿದೆ. ಹುತ್ತದ ಮಣ್ಣಿಗೆ ಕೆರೆ ಏರಿಯ ಆಚೆ ಹೋಗಬೇಕಿತ್ತು. ಹೋಗಲಿಲ್ಲ. ಪಕ್ಕದ ಹೂವಿನ ಪಾತಿಯ ಮಣ್ಣನ್ನೇ ಕಲಸಿ ಮೆತ್ತಿದೆ. ಮುಂದಿನ ಮಳೆಗೆ ಅದು ಕರಗಿದ್ದನ್ನೂ ಕಂಡೆ. ಮತ್ತೆ ಅದೇ ಮಣ್ಣು ಮೆತ್ತಿದೆ.

ತೆರೆಯುವ ದಿನ ನಿಮ್ಮೂರಿನವರು ಟ್ರಾಕ್ಟರಿನಲ್ಲಿ ಬಂದರು. ಮಣ್ಣು ಕೆರೆಯಲು ನಾನೇ ಮುಂದಾದೆ — ಎರಡು ಬಣ್ಣದ ಮಣ್ಣು ನಿಮ್ಮ ಕಣ್ಣಿಗೆ ಬೀಳಬಾರದಲ್ಲ. ಚಪ್ಪಡಿ ಎತ್ತುತ್ತಲೇ ಹುಳಿ ವಾಸನೆ. ನಿಮ್ಮ ಮೈದುನ ಶಿವಣ್ಣ ಮೂಗು ಮುಚ್ಚಿಕೊಂಡು, “ಏನತ್ಗೆ, ರಾಗಿ ಮಡಗಿದ್ಯೋ ಎಂಡ ಮಡಗಿದ್ಯೋ?” ಎಂದರು. ಎಲ್ಲರೂ ನಕ್ಕರು. ನೀವು ಕೈ ಇಳಿಸಿ, ಕಪ್ಪಗೆ ಗಟ್ಟಿಯಾಗಿದ್ದ ಒಂದು ಹೆಂಟೆ ತೆಗೆದು ಬಹಳ ಹೊತ್ತು ನೋಡಿದಿರಿ.

“ನಂದೇ ತಪ್ಪು ಬುಡ್ರಪ್ಪ. ಕೈಗೆ ಮರ್ತೋಗೈತೆ. ಓಗಿ, ಊರಲ್ಲಿರೋ ಐದ್ನೂ ಮುಚ್ಕೊಳಿ.”

ನಾನು ಆಗ — ನಾನು ಹಾರೆ ಒರೆಸುತ್ತಿದ್ದೆ.

ವಾರದೊಳಗೆ ಐದೂ ಹಗೇವಿಗೆ ಮಣ್ಣು ಬಿತ್ತು. ‘ಮುಚ್ಚುವ ಕ್ರಮ ಮರೆತುಹೋದ್ದರಿಂದ ಧಾನ್ಯ ಉಳಿಯಲಿಲ್ಲ’ ಎಂದು ಮ್ಯೂಸಿಯಂನ ಫಲಕಕ್ಕೆ ಬರೆದುಕೊಟ್ಟವನೂ ನಾನೇ. ಆಮೇಲೆ ಮ್ಯೂಸಿಯಂಗೆ ನಿಮ್ಮನ್ನು ಯಾರೂ ಕರೆಯಲಿಲ್ಲ. ನಾನು ತೆರೆಯದಿದ್ದರೆ ರಾಗಿ ಉಳಿಯುತ್ತಿತ್ತೇ? ಹೇಳಲಾರೆ. ಹೇಳಲಾಗದಂತೆ ಮಾಡಿದವನೇ ನಾನು.

ಇಂದು ಬೆಳಿಗ್ಗೆ ಮೇಲಿನವರಿಗೆ ನಡೆದದ್ದು ತಿಳಿಸಿ ಫಲಕ ಇಳಿಸಿದೆ. ನಾಳೆ ಸಂಜೆ, ಡೇರಿಗೆ ಹಾಲು ಹಾಕುವ ಹೊತ್ತಿಗೆ ನಿಮ್ಮೂರಿಗೆ ಬರುತ್ತೇನೆ. ಶಿವಣ್ಣ ಇರುತ್ತಾರೆ, ಅಂದು ನಕ್ಕವರೆಲ್ಲ ಇರುತ್ತಾರೆ. ನಾನು ನಿಂತು ಇದನ್ನು ಹೇಳುವ ಡೇರಿಯ ಸಿಮೆಂಟ್ ನೆಲದ ಕೆಳಗೆ ಆ ಐದು ಹಗೇವುಗಳೂ ಇರುತ್ತವೆ.