ಅಕ್ಕನ ಲ್ಯಾಂಡ್‌ಲೈನಿನ ಗೊರ್ರ್ ಸದ್ದು

"ಅಕ್ಕಾರೇ, ಹಸು..." ಗೊರ್ರ್ರ್. "ಕಾಲು ಒಂದೇ..." ಗೊರ್ರ್ರ್. ಆಮೇಲೆ ಫೋನ್ ಕಟ್.

ಈಚೆಗೆ ಒಂದು ಬೆಳಗ್ಗೆ ನ್ಯಾಮತಿಯ ನಮ್ಮ ಮನೆಗೆ ಬಂದ ಕರೆ ಇಷ್ಟೇ. ಯಾರ ಹಸು? ಯಾವ ಊರು? (ನಮ್ಮ ಲೈನಿನಲ್ಲಿ ನಂಬರ್ ಕಾಣಿಸೋದಿಲ್ಲ.) ಫೋನ್ ಹಿಡಿದಿದ್ದ ನನ್ನ ಅಕ್ಕ ಸುಜಾತಾಳ ಮುಖ ಬಿಳಿಚಿಕೊಂಡಿತು.

ಅಕ್ಕ ಪಶು ಆಸ್ಪತ್ರೆಯಲ್ಲಿದ್ದು ರಿಟೈರ್ ಆದವಳು. ಸುತ್ತಲ ಹಳ್ಳಿಗಳಲ್ಲಿ ದನಕ್ಕೆ ಏನಾದರೂ ಆದರೆ ಈಗಲೂ ಮೊದಲ ಫೋನ್ ಅವಳಿಗೇ. ಅದೂ ಹಳೇ ಲ್ಯಾಂಡ್‌ಲೈನಿಗೆ. ಅವಳು ಮನೆಯಲ್ಲಿ ನಿಲ್ಲೋದು ಅಪರೂಪ. ಅದಕ್ಕೇ ಆ ಲೈನಿಗೊಂದು ಪುಟ್ಟ ಬಾಕ್ಸ್ ಸಿಕ್ಕಿಸಿದ್ದೇವೆ. ಬಂದ ಕರೆ ಇಂಟರ್ನೆಟ್ ಹತ್ತಿ ಅವಳ ಮೊಬೈಲಿಗೆ ಹೋಗುತ್ತದೆ. ಜೊತೆಗೆ ಆ ಗೊರ್ರ್ ಸದ್ದೂ ಹೋಗುತ್ತಿತ್ತು!

ಮಧ್ಯಾಹ್ನ ಗೋವಿನಕೋವಿಯ ಹಾಲಮ್ಮ ಮತ್ತೆ ಫೋನ್ ಮಾಡಿದಳು. ಹಸು ಅವಳದೇ. ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿ, ಒಂದೇ ಕಾಲು ಹೊರಗೆ ಬಂದಿತ್ತಂತೆ. ಮಗ ಬೈಕಿನಲ್ಲಿ ಹೋಗಿ ಡಾಕ್ಟರನ್ನು ಕರೆತಂದಿದ್ದ. ಹಸು ಉಳಿಯಿತು. ಕರು ಉಳಿಯಲಿಲ್ಲ.

ಅಕ್ಕ ಅವತ್ತು ಊಟ ಮಾಡಲಿಲ್ಲ.

"ಆ ಲ್ಯಾಂಡ್‌ಲೈನ್ ತೆಗೆಸಿಬಿಡು. ಮೊಬೈಲ್ ನಂಬರ್ ಕೊಟ್ಟರಾಯ್ತು" ಅಂದೆ.

"ಕೊಟ್ಟಿಗೆ ಗೋಡೆ ಮೇಲೆಲ್ಲಾ ಇದ್ದಿಲಲ್ಲಿ ಬರ್ಕೊಂಡಿರೋ ನಂಬರ್ ಕಣೋ ಅದು. ಊರೂರಿಗೆ ಹೋಗಿ ಅಳಿಸಿ ಬರ್ತೀಯೇನು?"

ನಾನು ಬಾಕ್ಸಿನ ಸೆಟ್ಟಿಂಗ್ಸಿಗೆ ಹೋಗಿ ವಾಲ್ಯೂಮ್ ಏರಿಸಿದೆ. ಮಾತೂ ಜೋರಾಯಿತು, ಗೊರ್ರ್ ಕೂಡ ಜೋರಾಯಿತು. ಸಾಲದ್ದಕ್ಕೆ ನಮ್ಮ ಮಾತು ನಮಗೇ ವಾಪಸ್ ಕೇಳಿಸತೊಡಗಿತು. ಬಾಕ್ಸ್ ಮಾರಿದವರಿಗೆ ಫೋನ್ ಮಾಡಿದರೆ, "ರೀಸ್ಟಾರ್ಟ್ ಮಾಡಿ ಸರ್." ಮಾಡಿದೆ. ಗೊರ್ರ್ ಕೂಡ ರೀಸ್ಟಾರ್ಟ್ ಆಯಿತು.

ಮರುದಿನ ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. "ದನ ಎಲ್ಲಿ ನೋವು ಅಂತ ಬಾಯ್ಬಿಟ್ಟು ಹೇಳ್ತೈತೇನು? ನಾವೇ ಮುಟ್ಟಿ ಮುಟ್ಟಿ ನೋಡ್ಬೇಕು. ಬಾ."

ಮೊದಲು ಬಾಕ್ಸ್ ಬಿಚ್ಚಿಸಿದಳು. ಹೊರಗಿನ ಲೈನ್ ಮನೆಗೆ ಬಂದು ಸೇರುವ ವರಾಂಡದಲ್ಲೇ, ಅಟ್ಟದಿಂದ ಇಳಿಸಿದ ಹಳೇ ಫೋನನ್ನು ನೇರವಾಗಿ ಸಿಕ್ಕಿಸಿ, ಒಂದು ಅಂಕಿ ಒತ್ತಿ ಡಯಲ್ ಟೋನ್ ನಿಲ್ಲಿಸಿ ಕಿವಿಗೊಟ್ಟಳು. ನಿಶ್ಶಬ್ದ.

"ಹೊರಗಿನ ಲೈನ್ ಚೆನ್ನಾಗೈತೆ. ರೋಗ ಮನೆಯೊಳಗೇ ಐತೆ."

ಅದೇ ಫೋನನ್ನು ಒಳಗೆ ಬಾಕ್ಸ್ ಇದ್ದ ಜಾಗಕ್ಕೆ ತಂದು ಸಿಕ್ಕಿಸಿದೆವು. ಗೊರ್ರ್! ಅಂದರೆ ಬಾಕ್ಸ್ ನಿರಪರಾಧಿ. ನಡುವಿನ ವೈರೇ ಕಳ್ಳ. ನನ್ನ ಕಿವಿಗೆ ರಿಸೀವರ್ ಕೊಟ್ಟು, ಅಕ್ಕ ಮನೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋದಳು. ಫ್ಯಾನ್? ಇಲ್ಲ. ಫ್ರಿಜ್ಜು? ಇಲ್ಲ. ನೀರಿನ ಮೋಟರ್ ಆಫ್ ಮಾಡಿದಳು ನೋಡಿ, ಗೊರ್ರ್ ಗಪ್‌ಚುಪ್! ಮನೆ ರಿಪೇರಿ ಮಾಡಿದವರು ಫೋನಿನ ವೈರನ್ನು ಮೋಟರಿನ ವೈರಿದ್ದ ಪೈಪಿನಲ್ಲೇ ತೂರಿಸಿದ್ದರು.

ಆದರೂ ಒಂದು ಪಟಪಟ ಸದ್ದು ಉಳಿದಿತ್ತು. ಅಕ್ಕ ಬಿಡಲಿಲ್ಲ. ಬಚ್ಚಲುಮನೆ ಗೋಡೆಯ ಹಿಂದೆ, ಟೇಪು ಸುತ್ತಿದ ಜಾಯಿಂಟ್ ಒಂದು ಹಸಿರಗೆ ಕಿಲುಬು ಹಿಡಿದು ಕೂತಿತ್ತು. ಎಲ್ಲ ಕಿತ್ತೆಸೆದು, ಮುಂದಿನ ಗೋಡೆಗುಂಟ ಹೊಸ ವೈರು ಎಳೆದೆವು. ಎಲ್ಲೂ ಜಾಯಿಂಟ್ ಇಲ್ಲ, ಹತ್ತಿರ ಕರೆಂಟಿನ ವೈರಿಲ್ಲ. ಬಾಕ್ಸನ್ನು ಮತ್ತೆ ಸಿಕ್ಕಿಸಿ, ನಾನು ಏರಿಸಿದ್ದ ವಾಲ್ಯೂಮನ್ನೂ ಇಳಿಸಿದಳು. ಏಣಿ ಹಿಡಿದಿದ್ದು ನಾನು (ದಯವಿಟ್ಟು ಗಮನಿಸಿ).

ಹೋದ ಭಾನುವಾರ ಸೂಳೆಕೆರೆ ಹತ್ತಿರ ನೆಂಟರ ಮನೆಗೆ ಹೋಗಿದ್ದೆವು. ಊಟಕ್ಕೆ ಕೂತಾಗ ಅಕ್ಕನ ಮೊಬೈಲ್ ಬಡಿದುಕೊಂಡಿತು. ಸ್ಪೀಕರ್ ಹಾಕಿದಳು, ಹೊನ್ನಾಳಿ ಕಡೆಯ ರಾಜಪ್ಪ. ಎಮ್ಮೆಗೆ ಹೊಟ್ಟೆ ಉಬ್ಬರಿಸಿದೆ, ಉಸಿರಾಡಾಕೆ ಆಗ್ತಿಲ್ಲ. ಒಂದೊಂದು ಅಕ್ಷರವೂ ಪಕ್ಕದಲ್ಲಿ ಕೂತು ಹೇಳಿದ ಹಾಗೆ!

"ಎಡಗಡೆ ಹೊಟ್ಟೆ ಮೇಲೆ ತಟ್ರಿ ರಾಜಪ್ಪ. ಫೋನು ಅಲ್ಲೇ ಹಿಡೀರಿ."

ಡಬ್. ಡಬ್. ತಮಟೆ ಬಾರಿಸಿದ ಹಾಗೆ ಕೇಳಿಸಿತು. ಹೊಟ್ಟೆಯೊಳಗೆ ಗಾಳಿ ತುಂಬಿದೆ ಅಂತ ತಿಳಿಯಲು ಅಕ್ಕನಿಗೆ ಅಷ್ಟು ಸಾಕಾಗಿತ್ತು. ಇನ್ನೊಂದು ಫೋನಿನಲ್ಲಿ ಡಾಕ್ಟರನ್ನು ಅತ್ತ ಕಳಿಸಿದಳು. "ಮುಂಗಾಲು ದಿಬ್ಬದ ಮೇಲಿರಂಗೆ ನಿಲ್ಲಿಸ್ರಿ. ಬಾಯಿಗೆ ಅಡ್ಡ ಕೋಲು ಕಟ್ರಿ, ಅಗೀತಾ ಇರ್ಲಿ. ಫೋನ್ ಇಡಬ್ಯಾಡ್ರಿ."

ಊಟದ ಮನೆಯಲ್ಲಿ ಬಡಿಸುವವರು ಸೌಟು ಹಿಡಿದೇ ನಿಂತರು. ಫೋನಿನಲ್ಲಿ ಎಮ್ಮೆಯ ಏದುಸಿರು. ಸ್ವಲ್ಪ ಹೊತ್ತಿಗೆ ಡರ್ರ್ರ್ ಅಂತ ಒಂದು ತೇಗು! ಹಿಂದೆಯೇ ಇನ್ನೊಂದು. "ಇಳೀತಾ ಐತೆ ಅಕ್ಕಾರೇ!" ರಾಜಪ್ಪ ಅಳುತ್ತಿದ್ದ. ಡಾಕ್ಟರ್ ಬಂದು ಮಿಕ್ಕಿದ್ದು ನೋಡಿಕೊಂಡರು.

ಇಡೀ ಪಂಕ್ತಿ ಅಕ್ಕನನ್ನೇ ನೋಡುತ್ತಿತ್ತು. ಅವಳು ಕಣ್ಣೊರೆಸಿಕೊಂಡು, "ಸಾರು ಆರೋಯ್ತು, ಬಿಸಿದು ಹಾಕ್ರಿ" ಅಂದಳು. ನಾನು ಮಾತ್ರ ಎದೆಯುಬ್ಬಿಸಿಕೊಂಡು, ಕೇಳಿದವರಿಗೂ ಕೇಳದವರಿಗೂ, "ನಮ್ಮಕ್ಕ ಕಣ್ರೀ" ಅನ್ನುತ್ತಿದ್ದೆ.

ಹೇಳಿ, ಒಂದು ಎಮ್ಮೆ ತೇಗಿದ್ದಕ್ಕೆ ಇಷ್ಟೊಂದು ಹೆಮ್ಮೆಪಟ್ಟ ತಮ್ಮ ಈ ಸೀಮೇಲಿ ಇನ್ನೊಬ್ಬ ಇದ್ದಾನಾ?