ಚಾಕಿ ಮನೆಯ ಫೈರ್‌ವಾಲ್

ಮೇಲೂರಿನ ಮೋಹನ್‌ಬಾಬುವಿನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಹುಳು ಮನೆಯ ಮಾತಿನಿಂದ. ಅದನ್ನು ಆಡಿದವಳು ಸಂಹಿತಾ, ಮೇಷ್ಟ್ರೊಬ್ಬರ ಮಗಳು, ಶಿಡ್ಲಘಟ್ಟದ ಚಾಕಿ ಕೇಂದ್ರಕ್ಕೆ ಮೊನ್ನೆ ಮೊನ್ನೆ ಸೇರಿದವಳು.

ಚಾಕಿ ಕೇಂದ್ರವೆಂದರೆ ರೇಷ್ಮೆಯ ಎಳೆ ಹುಳುಗಳನ್ನು ಸಾಕಿ ರೈತರಿಗೆ ಕೊಡುವ ಜಾಗ. ಅಲ್ಲಿ ಕಾವು, ತೇವ ಕೊಂಚ ಹೆಚ್ಚುಕಡಿಮೆಯಾದರೂ ಬೆಳೆ ಕೈಕೊಡುತ್ತದೆ. ಮಾಲೀಕ ಚೆನ್ನರಾಯಪ್ಪನವರು ಚಿಕ್ಕಬಳ್ಳಾಪುರದಲ್ಲಿ ಕೂತೇ ಆ ಕಾವನ್ನು ಫೋನಿನಲ್ಲಿ ನೋಡುತ್ತಿದ್ದರು. ಹಾಗೆ ಕಾಣುವಂತೆ ವೈರು ಎಳೆದು ಕಂಪ್ಯೂಟರ್ ಕೂರಿಸಿದವನು ಮೋಹನ್‌ಬಾಬು. ಸಾದಲಿಯಲ್ಲಿ ಏಳುತ್ತಿರುವ ಹೊಸ ಕೇಂದ್ರದ ಉಸ್ತುವಾರಿಯೂ ತನಗೇ ಎಂದು ಮನೆಯಲ್ಲಿ ಆಗಲೇ ಡಂಗುರ ಸಾರಿದ್ದ.

ಅಷ್ಟರಲ್ಲಿ ಹೊಸ ಫೈರ್‌ವಾಲ್ ಪೆಟ್ಟಿಗೆ ಬಂತು. ಹೊಂದಿಸುವ ಕೆಲಸ ಸಂಹಿತಾಳ ಪಾಲಾಯಿತು; ಬೆಳಗ್ಗೆಯೇ ಹೊಂದಿಸಿಯೂ ಬಿಟ್ಟಳು. ಇದು ಮಾಡುವುದಾದರೂ ಏನು ಎಂದು ಅಂದು ಕೇಂದ್ರಕ್ಕೆ ಬಂದಿದ್ದ ಚೆನ್ನರಾಯಪ್ಪನವರು ಕೇಳಿದರು.

“ಹುಳು ಮನೆ ಬಾಗ್ಲಲ್ಲಿ ಅಜ್ಜಿ ಕಾಯ್ತಾ ಕೂತಿರ್ತಾರಲ್ಲ ಸಾರ್, ಹಂಗೆ,” ಅಂದಳು ಸಂಹಿತಾ. “ಒಳಗಿನೋರು ಯಾರನ್ನ ಕರೆದಿದ್ದಾರೆ ಅಂತ ನೆನಪಿಟ್ಕೊಂಡಿರುತ್ತೆ. ಕರೆಸ್ಕೊಂಡೋರು ಬಂದ್ರೆ ಬಿಡುತ್ತೆ. ಸುಮ್ನೆ ಬಂದೋರಲ್ಲಿ ನಾವು ಮೊದಲೇ ಹೇಳಿಟ್ಟೋರಿಗೆ ಮಾತ್ರ ದಾರಿ. ಒಳಗಿರೋ ಎಲ್ಲ ಮಿಷನ್ನಿಗೂ ಹೊರಗಡೆಗೆ ಒಂದೇ ವಿಳಾಸ. ಬಂದಿದ್ದು ಯಾರಿಗೆ ಅಂತ ನೋಡಿ ಒಳಗಿನ ವಿಳಾಸ ಹಾಕೋದೂ ಇದೇ.”

“ಭೇಷ್ ಕಣಮ್ಮ! ಈಗ ಅರ್ಥ ಆಯ್ತು ನೋಡು!”

ಮೋಹನ್‌ಬಾಬುವಿಗೆ ಮೈಯೆಲ್ಲ ಉರಿಯಿತು. ಅವನ ತಾಯಿ ಚಿಕ್ಕವೆಂಕಟಮ್ಮ ಜನ್ಮವಿಡೀ ಕೂತದ್ದು ತಮ್ಮ ಹುಳು ಮನೆಯ ಅಂಥದೇ ಬಾಗಿಲಲ್ಲಿ. ಹುಳುಗಳಿಗೆ ರೋಗ ತಗಲೀತೆಂದು, ಬ್ಲೀಚಿಂಗ್ ಪುಡಿಯ ನೀರಲ್ಲಿ ಕಾಲು ತೊಳೆಯದೆ ಸ್ವಂತ ಅಣ್ಣನನ್ನೂ ಒಳಗೆ ಬಿಟ್ಟವಳಲ್ಲ. ಆ ಮಾತು ಆಡಬೇಕಾದವನು ಅವನು. ಹುಳು ಮುಟ್ಟಲು ಹೇಸುವ ಈ ಹುಡುಗಿ ಅವನ ಮನೆಯ ಮಾತನ್ನೇ ಕದ್ದು, ಅವನ ಮಾಲೀಕರ ಹತ್ತಿರವೇ ಭೇಷ್ ಅನ್ನಿಸಿಕೊಂಡಳಲ್ಲ!

ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಅವನು, ಯಾರನ್ನು ಬಿಡಬೇಕೆಂದು ಅವಳು ಪೆಟ್ಟಿಗೆಗೆ ಬರೆದಿಟ್ಟ ರೂಲುಗಳನ್ನು ತೆರೆದ. ಹುಳುಕು ಹುಡುಕಲೆಂದೇ ತೆರೆದದ್ದು, ಸಿಕ್ಕೇಬಿಟ್ಟಿತು. ಮಾಲೀಕರ ಫೋನು ಕೇಳುವುದು ಹೊರಗಿನ ವಿಳಾಸವನ್ನು. ಇವಳು ಒಳಗೆ ಬಿಡುವ ರೂಲಿನಲ್ಲಿ ಕಂಪ್ಯೂಟರಿನ ಒಳಗಿನ ವಿಳಾಸ ಬರೆದಿದ್ದಾಳೆ! ಅವನಿಗೆ ಹಬ್ಬವಾಯಿತು. ಅದನ್ನು ಅಳಿಸಿ ಹೊರಗಿನ ವಿಳಾಸ ಹಾಕಿದ. ಪಕ್ಕದ ಕೋಣೆಯಲ್ಲಿದ್ದ ಚೆನ್ನರಾಯಪ್ಪನವರಲ್ಲಿಗೆ ಓಡಿದ.

“ಸಾರ್, ಆ ಹುಡ್ಗಿ ತಪ್ಪು ಬರೆದಿದ್ಲು, ನಾನು ಸರಿ ಮಾಡ್ದೆ. ನೋಡಿ, ಫೋನಲ್ಲಿ ಕಾವು ಬರ್ತಾ ಇದೆಯಾ?”

“ಬೆಳಗ್ಗಿಂದ ಬರ್ತಾನೇ ಇದೆ ಕಣಪ್ಪ. ಈಗ್ಲೂ ಬರ್ತಾ ಇದೆ,” ಎಂದರು ಅವರು, ಫೋನು ನೋಡುತ್ತ.

ಮೋಹನ್‌ಬಾಬು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಶಿಳ್ಳೆ ಹಾಕಿದ.

ಮರುದಿನ ಬೆಳಗ್ಗೆ ಫೋನಿನಲ್ಲಿ ಕಾವೂ ಇಲ್ಲ, ತೇವವೂ ಇಲ್ಲ. ಚೆನ್ನರಾಯಪ್ಪನವರು ಕಾರು ಹತ್ತಿ ಓಡಿ ಬಂದರು. ಪುಣ್ಯಕ್ಕೆ ಹುಳುಗಳು ನೆಮ್ಮದಿಯಾಗಿ ಸೊಪ್ಪು ಮೇಯುತ್ತಿದ್ದವು. “ನೆನ್ನೆ ಇವನು ಅದೇನೋ ಸರಿ ಮಾಡಿದ್ನಂತೆ, ನೋಡಮ್ಮ,” ಎಂದು ಅವರು ಸಂಹಿತಾಳಿಗೆ ಹೇಳಿದರು.

ಅವಳು ನೋಡಿದಳು, ವಿಳಾಸವನ್ನು ಮೊದಲಿನಂತೆ ಮಾಡಿದಳು. ಫೋನಿನಲ್ಲಿ ಕಾವು ಕಾಣಿಸಿಕೊಂಡಿತು.

“ಹಂಗಾದ್ರೆ ನೆನ್ನೆ ನಾನು ಬದಲಾಯ್ಸಿದ ಮೇಲೂ ಹೆಂಗೆ ಬರ್ತಿತ್ತು?” ಎಂದ ಮೋಹನ್‌ಬಾಬು, ತಡೆಯಲಾರದೆ.

“ಸಾರ್ ಫೋನಿಗೆ ಈ ಪೆಟ್ಟಿಗೆ ನೆನ್ನೆ ಬೆಳಗ್ಗೇನೇ ದಾರಿ ಬಿಟ್ಟಿತ್ತಲ್ಲ ಅಣ್ಣ. ನಡೀತಿರೋ ಮಾತನ್ನ ಇದು ಮಧ್ಯದಲ್ಲಿ ತಡೆಯಲ್ಲ. ಇವತ್ತು ಹೊಸದಾಗಿ ಬಂತು, ನಿಲ್ಲಿಸ್ತು. ಇದು ಹೊರಗಿನ ವಿಳಾಸ ತೆಗೆದು ಒಳಗಿಂದು ಹಾಕೋದು ಮೊದಲು, ರೂಲ್ ನೋಡೋದು ಆಮೇಲೆ. ಅದಕ್ಕೇ ಒಳಗಿನ ವಿಳಾಸ ಬರೀಬೇಕು.” ಆಮೇಲೆ ಮಾಲೀಕರ ಕಡೆ ತಿರುಗಿದಳು. “ಎಲ್ರೂ ಎಡವೋ ಜಾಗ ಸಾರ್ ಇದು. ನಾನೂ ಕಲಿಯೋವಾಗ ಹಿಂಗೇ ಮಾಡಿದ್ದೆ. ಅಣ್ಣನ್ನ ಏನೂ ಅನ್ಬೇಡಿ.”

ಚೆನ್ನರಾಯಪ್ಪನವರು ಅವನನ್ನು ಬೈಯಲಿಲ್ಲ. ಸಾದಲಿಯ ಕೇಂದ್ರವನ್ನು ಅವಳೇ ನೋಡಿಕೊಳ್ಳಲಿ ಎಂದಷ್ಟೇ ಹೇಳಿ ಹೋದರು.

“ನೀವೂ ಬರ್ಬೇಕು ಅಣ್ಣ. ಹುಳು ವಿಷಯ ನಂಗೇನೂ ಗೊತ್ತಾಗಲ್ಲ,” ಎಂದಳು ಸಂಹಿತಾ.

ಮೋಹನ್‌ಬಾಬು ಆಗಲಿ ಎಂದು ತಲೆಯಾಡಿಸಿದ. ಅವಳು ಚಾಡಿ ಹೇಳಿದ್ದರೆ ಕೂಗಾಡಬಹುದಿತ್ತು, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈಗ ಸಾದಲಿಗಿಂತ ಹೆಚ್ಚಾಗಿ ಅವಳ ದೊಡ್ಡ ಮನಸ್ಸೇ ಅವನ ಹೊಟ್ಟೆ ಉರಿಸತೊಡಗಿತು.