ಕೋಟೆ ಬಾಗಿಲ ಸ್ಟೂಲು

ಊರ ನಟ್ಟನಡುವಿನ ಕೋಟೆಯ ಬಾಗಿಲಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವನು, ಬಂದವರಿಗೆಲ್ಲ "ಬುರುಜು ಹತ್ತಿ, ಇಡೀ ಊರು ಕಾಣುತ್ತೆ" ಎನ್ನುತ್ತಿದ್ದ. ತಾನು ಮಾತ್ರ ಒಂದು ದಿನವೂ ಹತ್ತಿದವನಲ್ಲ. "ಕಣ್ಣು ಮಿಟುಕಿಸೋಕೂ ಪುರುಸೊತ್ತಿಲ್ಲ ಕಣೇ" ಎಂದು ಹೆಂಡತಿಯ ಮುಂದೆ ಜಂಬ ಬೇರೆ.

ನಿವೃತ್ತಿಯ ಮರುದಿನ ಹೆಂಡತಿ ಬಿಡಲಿಲ್ಲ, ಎಳೆದುಕೊಂಡೇ ಬಂದಳು. ಬಾಗಿಲಲ್ಲಿದ್ದ ಹೊಸಬನಿಗೆ ಕೊಡದೆ ತನ್ನ ಟಿಕೆಟನ್ನು ತಾನೇ ಹರಿದುಕೊಂಡು, ಏದುಸಿರು ಬಿಡುತ್ತಾ ಹೆಂಡತಿಯ ಜೊತೆ ಬುರುಜು ಹತ್ತಿದ. ಇಡೀ ಊರು ಕಂಡಿತು. ಕಾಲಡಿಯಲ್ಲೇ ತನ್ನ ಹಳೆಯ ಸ್ಟೂಲೂ ಕಂಡಿತು. ಅದರ ಮೇಲೆ ಹೊಸಬ ಆಗಲೇ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ.

"ಥೂ, ಸೋಮಾರಿ!" ಎಂದಳು ಹೆಂಡತಿ.

"ಪಾಪ, ಬೈಬೇಡ್ವೇ. ಮಧ್ಯಾಹ್ನ ಆ ಗೋಡೆ ತಣ್ಣಗಿರುತ್ತೆ, ಒರಗಿದ್ರೆ ಎಂಥವನಿಗೂ ನಿದ್ದೆ ಬರುತ್ತೆ" ಎಂದವನು ನಾಲಿಗೆ ಕಚ್ಚಿಕೊಂಡ.

ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. "ಅಂತೂ ಮೂವತ್ತು ವರ್ಷ ಊರಿಗೆಲ್ಲ ಕಂಡಿದ್ದು, ನನಗೆ ಇವತ್ತು ಕಾಣಿಸ್ತು ಬಿಡಿ!"